ಹೊಳೆ ದಾಟಿದರೆ ಬೇರೆ ಸೀಮೆ

ಹುಬ್ಬಳ್ಳಿ ಬಿಟ್ಟು ಕಲಘಟಗಿ ದಾಟುವವರೆಗೆ ಎರಡೂ ಕಡೆ ಬಯಲು. ಗೋವಿನಜೋಳದ ಕಡ್ಡಿ ಒಣಗಿ ನಿಂತ ಹೊಲ, ನಡುನಡುವೆ ಕಬ್ಬು, ಬದುವಿನ ಮೇಲೊಂದು ಬೇವಿನ ಮರ. ಕಿರವತ್ತಿ ಹತ್ತಿರವಾದಂತೆ ತೇಗದ ಕಾಡು ರಸ್ತೆಯಂಚಿಗೇ ಬಂದು ನಿಲ್ಲುತ್ತದೆ. ಯಲ್ಲಾಪುರ ಮುಟ್ಟುವಷ್ಟರಲ್ಲಿ ಮತ್ತಿ, ಹೊನ್ನೆ, ನಂದಿ ಮರಗಳ ನೆರಳು ದಟ್ಟವಾಗಿ, ಪುಷ್ಯ ಮಾಸದ ಬೆಳಿಗ್ಗೆಯಾದರೆ ಹತ್ತು ಗಂಟೆಗೂ ಚಳಿ ಬಿಟ್ಟಿರುವುದಿಲ್ಲ. ಅಂಕೋಲೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 ಈ ಪೇಟೆಯ ನಡುವೆಯೇ ಹಾದಿದೆ. ಹಗಲೂ ರಾತ್ರಿ ಲಾರಿಗಳ ಸದ್ದು. ಬಹುಪಾಲು ಪ್ರಯಾಣಿಕರು ಇಲ್ಲಿ ಚಹಾ ಕುಡಿದು, ಅರಬೈಲು ಘಟ್ಟ ಇಳಿದು, ಕಡಲು ಕಾಣುವ ಆತುರದಲ್ಲಿ ಹೊರಟುಬಿಡುತ್ತಾರೆ.

ಎಡಕ್ಕೆ ಹೊರಳಿ ಶಿರಸಿ ದಾರಿ ಹಿಡಿದವರಿಗೆ ಬೇರೆಯೇ ನಾಡು ತೆರೆದುಕೊಳ್ಳುತ್ತದೆ. ಯಲ್ಲಾಪುರದಿಂದ ಶಿರಸಿಗೆ ಸುಮಾರು 50 ಕಿಲೋಮೀಟರ್, ಶಿರಸಿಯಿಂದ ಸಿದ್ದಾಪುರಕ್ಕೆ 40ರ ಆಸುಪಾಸು. ನಿಲ್ಲದೆ ಓಡಿಸಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಹಾದಿ. ಹಾಗೆ ಹೋದವರ ಕಣ್ಣಿಗೆ ಉದ್ದಕ್ಕೂ ಕಾಡು, ಕಾಡಿನ ಬುಡದಲ್ಲಿ ಅಡಕೆ ತೋಟ, ತೋಟದ ತಲೆಯ ಮೇಲೊಂದು ಹೆಂಚಿನ ಮನೆ, ಇಷ್ಟೇ ಬೀಳುತ್ತದೆ. ಮೂರೂ ತಾಲ್ಲೂಕುಗಳ ಅಡಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಒಂದೇ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಬೆಳೆ ಒಂದೇ, ನಿಜ. ನೀರು ಒಂದೇ ಅಲ್ಲ. ಯಲ್ಲಾಪುರದ ಬಡಗಣ ಕಾಡಿನ ಹಳ್ಳಗಳು ಕಾಳಿಗೆ ಹೋಗುತ್ತವೆ, ತೆಂಕಣವು ಬೇಡ್ತಿಗೆ. ಶಿರಸಿಯ ಮೂಡಲ ಸೆರಗಿನ ಮಳೆ ವರದೆಗೆ ಸೇರಿ ತುಂಗಭದ್ರೆ, ಕೃಷ್ಣೆಯ ಹಾದಿಯಲ್ಲಿ ಬಂಗಾಳ ಕೊಲ್ಲಿ ಕಾಣುತ್ತದೆ. ಅದೇ ಶಿರಸಿ ಪೇಟೆಯ ಶಂಕರಹೊಂಡದ ನೀರು ಅಘನಾಶಿನಿಯಾಗಿ ಪಡುಗಡಲಿಗೆ ಇಳಿಯುತ್ತದೆ. ಸಿದ್ದಾಪುರದ ತುದಿಗೆ ಹೋದರೆ ಶರಾವತಿ. ಒಂದೊಂದು ಹೊಳೆ ದಾಟಿದಾಗಲೂ ಜನ, ಮಾತು, ಕಾಡಿನ ಬಣ್ಣ ಬದಲಾಗುತ್ತದೆ. ಈ ಸೀಮೆಯನ್ನು ಹೊಳೆಯ ಲೆಕ್ಕದಲ್ಲಿ ನೋಡಬೇಕು ಎಂಬುದು ಇಲ್ಲಿ ಓಡಾಡುತ್ತಾ ನನ್ನಲ್ಲಿ ಗಟ್ಟಿಯಾದ ನಂಬಿಕೆ.

ಬೇಡ್ತಿಯನ್ನು ನೋಡಬೇಕಾದರೆ ಮಾಗೋಡಿಗೆ ಹೋಗಬೇಕು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಸಣ್ಣ ತೊರೆಯಾಗಿ ಹುಟ್ಟಿದ ನೀರು, ಬಯಲುಸೀಮೆಯ ಮಣ್ಣು ತೊಳೆದುಕೊಂಡು ಇಲ್ಲಿಯವರೆಗೆ ಸಾಧುವಾಗಿ ಬರುತ್ತದೆ. ಇಲ್ಲಿ ಒಮ್ಮೆಲೇ ನೆಲ ಬಾಯಿ ಬಿಟ್ಟಿದೆ. ಎರಡು ನೆಗೆತದಲ್ಲಿ ಸುಮಾರು 200 ಮೀಟರ್ ಆಳಕ್ಕೆ ಬೀಳುವ ಹೊಳೆಯನ್ನು ನಾವು ಕಣಿವೆಯ ಈಚೆ ದಡದಿಂದ ನೋಡುತ್ತೇವೆ. ಮೊದಲ ಧುಮುಕು ಬಂಡೆಯ ಸಂದಿಗೆ, ಅಲ್ಲಿಂದ ಹೊರಳಿ ಎರಡನೆಯದು ಕಾಡಿನೊಳಕ್ಕೆ. ಇದಾದ ಮೇಲೆ ಅದು ಗಂಗಾವಳಿ. ಹತ್ತಿರದ ಜೇನುಕಲ್ಲು ಗುಡ್ಡದ ಮೇಲೆ ನಿಂತರೆ ಅದೇ ಹೊಳೆ ಕಣಿವೆಯ ತಳದಲ್ಲಿ ಹೊಳೆಯುತ್ತಾ ಪಶ್ಚಿಮಕ್ಕೆ ಸಾಗುವುದು ಕಾಣುತ್ತದೆ.

ಈ ಹೊಳೆಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ತೋಟಿಗರು ಮಾಡಿದ ಕೆಲಸವನ್ನು ಕರ್ನಾಟಕ ಇನ್ನೂ ಸರಿಯಾಗಿ ನೆನೆದಿಲ್ಲ. 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘವೇ ಮುಂದೆ ನಿಂತು ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಕರೆಸಿ ವಿಚಾರಸಂಕಿರಣ ಏರ್ಪಡಿಸಿತು. ಎಷ್ಟು ತೋಟ ಮುಳುಗುತ್ತದೆ, ಎಷ್ಟು ಕಾಡು ಹೋಗುತ್ತದೆ, ಬರುವ ವಿದ್ಯುತ್ತಿಗೆ ಆ ನಷ್ಟ ತಕ್ಕುದೇ ಎಂದು ಲೆಕ್ಕ ಹಾಕಿ ನೋಡಿದರು. ಅಡಕೆ ವ್ಯಾಪಾರಕ್ಕೆಂದು ಹುಟ್ಟಿದ ರೈತರ ಸಂಘವೊಂದು ಪರಿಸರದ ಪರಿಣಾಮವನ್ನು ಅಂಕಿಸಂಖ್ಯೆ ಹಿಡಿದು ಸರ್ಕಾರದ ಮುಂದಿಟ್ಟದ್ದು ದೇಶಕ್ಕೇ ಹೊಸದಾಗಿತ್ತು. ಯೋಜನೆ ನಿಂತಿತು. ಇಂದು ಬಡಗಣ ಕಾಳಿಗೆ ಸೂಪಾದಿಂದ ಕದ್ರಾವರೆಗೆ ಸಾಲು ಅಣೆಕಟ್ಟು, ತೆಂಕಣ ಶರಾವತಿಗೆ ಲಿಂಗನಮಕ್ಕಿ. ನಡುವಿನ ಬೇಡ್ತಿ, ಅಘನಾಶಿನಿ ಎರಡೂ ಅಂಥ ದೊಡ್ಡ ತಡೆಯಿಲ್ಲದೆ ಹರಿದು ಕಡಲು ಸೇರುತ್ತಿವೆ. ಈಗ ಬೇಡ್ತಿಯ ನೀರನ್ನು ಎತ್ತಿ ವರದೆಗೆ ಹಾಯಿಸುವ ನದಿ ಜೋಡಣೆಯ ಮಾತು ಎದ್ದಿದೆ. ಮಾಗೋಡಿನ ಎದುರು ಒಂದು ತಾಸು ನಿಂತವರು ಈ ಯೋಜನೆಯನ್ನು ಒಪ್ಪಲಾರರು ಎಂದೇ ನನಗೆ ಅನಿಸುತ್ತದೆ.

ಇದೇ ತಾಲ್ಲೂಕಿನ ಕಳಚೆಯಲ್ಲಿ 2021ರ ಜುಲೈ ಮಳೆಗೆ ಗುಡ್ಡ ಕುಸಿಯಿತು. ತೋಟ, ರಸ್ತೆ, ಮನೆ ಎಲ್ಲ ಕೆಸರಿನ ಅಡಿ ಹೋದವು. ತಲೆಮಾರುಗಳಿಂದ ಬದುಕಿದ ನೆಲವೇ ಕಾಲ ಕೆಳಗಿಂದ ಜಾರಿದ ಊರು ಅದು. ಘಟ್ಟದ ಇಳಿಜಾರಿನಲ್ಲಿ ಎಲ್ಲಿ ಅಗೆಯಬೇಕು, ಎಲ್ಲಿ ಅಗೆಯಬಾರದು ಎಂಬ ಪ್ರಶ್ನೆ ಕಳಚೆಯ ಜನರಿಗೆ ಪುಸ್ತಕದ ವಿಷಯವಲ್ಲ.

ಯಲ್ಲಾಪುರ ಬಿಟ್ಟ ರಸ್ತೆ ಬೇಡ್ತಿಯನ್ನು ದಾಟುತ್ತದೆ. ಮಂಚಿಕೇರಿಯೂ ಇದೇ ದಾರಿಯಲ್ಲಿದೆ. ಒಳದಾರಿಗಳಲ್ಲಿ ಸಿದ್ದಿಗಳ ಮನೆಗಳಿವೆ. ಗುಂಗುರು ಕೂದಲು, ದಪ್ಪ ದನಿ, ನಾಲಗೆಯ ಮೇಲೆ ಕೊಂಕಣಿಯೂ ಕನ್ನಡವೂ. ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ ಜನ, ಪೋರ್ಚುಗೀಸರ ಕೈತಪ್ಪಿಸಿಕೊಂಡು ಈ ಕಾಡು ಸೇರಿದರು ಎಂಬುದು ಅವರ ಹಿಂದಿನ ಕಥೆ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದಾಗ, ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ ಅವರೇ ಆದರು. 1980ರ ದಶಕದಲ್ಲಿ ನೀನಾಸಮ್ ರಂಗಬಳಗ ಮಂಚಿಕೇರಿಗೆ ಬಂದು, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಗಳಿಂದಲೇ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿತು. ಆಫ್ರಿಕಾದ ಹಳ್ಳಿಯೊಂದರ ಕಥೆಯನ್ನು ಕನ್ನಡದಲ್ಲಿ ಆಡಲು ಇವರಿಗಿಂತ ಹಕ್ಕುಳ್ಳವರು ಯಾರಿದ್ದಾರೆ!

ಸಿದ್ದಿ ಮನೆಯ ಬೇಲಿಯ ಮೇಲೆ ಒಣಹಾಕಿದ ಕೌದಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಳೇ ಸೀರೆ, ಲುಂಗಿ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಅಂಚಿನಿಂದ ನಡುವಿನತ್ತ ಸುತ್ತುತ್ತಾ ಹೊಲಿದಿರುತ್ತಾರೆ. ಎಳೆ ಎಲ್ಲೂ ಗೆರೆ ಹಿಡಿದಂತೆ ನೇರವಾಗಿಲ್ಲ, ಹಾಗೆಂದು ಎಲ್ಲೂ ಸಡಿಲವೂ ಇಲ್ಲ. ಅವರ ಡಮಾಮಿಯ ಬಡಿತ ಕೇಳಿದವರಿಗೆ ಆ ಹೊಲಿಗೆಯ ಲಯವೂ ಗೊತ್ತಾದೀತು. ಇದೇ ಕಾಡಿನಲ್ಲಿ ಎಮ್ಮೆ ಕಾಯುವ ಗೌಳಿಗರಿದ್ದಾರೆ, ಕುಣಬಿಗಳಿದ್ದಾರೆ. ಯಲ್ಲಾಪುರದ ಸಂತೆಯಲ್ಲಿ ನಾಲ್ಕಾರು ಭಾಷೆ ಒಟ್ಟಿಗೆ ಕಿವಿಗೆ ಬೀಳುವುದು ಇದರಿಂದಲೇ.

ಶಿರಸಿ ತಾಲ್ಲೂಕಿಗೆ ಬಂದ ಮೇಲೆ ಸಿಗುವ ಹೊಳೆ ಶಾಲ್ಮಲಾ. ಹುಳಗೋಳ, ಭೈರುಂಬೆಯ ಕಡೆ ಹೊರಳಿದರೆ ಸಹಸ್ರಲಿಂಗ. ಸ್ವಾದಿಯ ಅರಸ ಸದಾಶಿವರಾಯ, 1678ರಿಂದ 1718ರವರೆಗೆ ಆಳಿದವನು, ಹೊಳೆಯ ಬಂಡೆಗಳ ಮೇಲೆಯೇ ಲಿಂಗಗಳನ್ನು ಕೆತ್ತಿಸಿದ. ಮಳೆಗಾಲದಲ್ಲಿ ಎಲ್ಲ ಮುಳುಗಿರುತ್ತವೆ. ದೀಪಾವಳಿ ಕಳೆದು ನೀರು ಇಳಿದಂತೆ ಒಂದೊಂದೇ ತಲೆ ಎತ್ತುತ್ತವೆ. ಒಂದು ಬಂಡೆಗೆ ದೊಡ್ಡ ಲಿಂಗ, ಎದುರಿಗೆ ಅದಕ್ಕೊಪ್ಪುವ ನಂದಿ. ಪಕ್ಕದ ಬಂಡೆಗೆ ಅಂಗೈಯಗಲದ್ದು. ಮೂರು ಶತಮಾನ ಹರಿದ ನೀರು ಪಾಣಿಪೀಠದ ಅಂಚನ್ನು ತೇಯ್ದಿದೆ. ಕೆಲವು ನಂದಿಗಳ ಮೂತಿ ಸವೆದು ಕಿವಿ ಮಾತ್ರ ಉಳಿದಿದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಲಿಂಗದ ಮೇಲೆ ಕೈಯಿಟ್ಟರೆ, ಬಿಸಿಲು ಬಿದ್ದ ಮಗ್ಗುಲು ಬೆಚ್ಚಗೆ, ನೀರು ತಾಗುವ ಮಗ್ಗುಲು ತಣ್ಣಗೆ. ಶಿವರಾತ್ರಿಯಂದು ಇಲ್ಲಿ ಕಾಲಿಡಲು ಜಾಗ ಸಿಗದು. ಗುಡಿಯೊಳಗಿನ ದೇವರಿಗೆ ಭಟ್ಟರು ಬೇಕು, ಇಲ್ಲಿ ಯಾರು ಬೇಕಾದರೂ ಬೊಗಸೆಯಲ್ಲಿ ಹೊಳೆಯ ನೀರೆತ್ತಿ ತಾವೇ ಅಭಿಷೇಕ ಮಾಡಬಹುದು.

ಆ ಅರಸರ ರಾಜಧಾನಿ ಸೋಂದೆ ಇಲ್ಲಿಂದ ದೂರವಿಲ್ಲ. ಒಂದೇ ಊರಿನ ಸುತ್ತಿನಲ್ಲಿ ಮೂರು ಮಠ: 1600ರಲ್ಲಿ ವಾದಿರಾಜರು ವೃಂದಾವನಸ್ಥರಾದ ಮಾಧ್ವ ಮಠ, ಹವ್ಯಕರ ಸ್ವರ್ಣವಲ್ಲಿ, ಜೈನರ ಸ್ವಾದಿ ಮಠ. ಹೈದರಾಲಿಯ ದಂಡು 1760ರ ದಶಕದಲ್ಲಿ ಬಂದು ಊರನ್ನು ಹಾಳುಗೆಡವಿತು. ಅರಸು ಮನೆತನ ಗೋವೆಗೆ ಓಡಿತು. ಕೋಟೆಯ ಕಲ್ಲುಗಳ ಮೇಲೆ ಈಗ ಆಲದ ಬೇರು. ಮಠಗಳ ಗಂಟೆ ಮಾತ್ರ ಮೂರೂ ಕಡೆ ನಿಂತಿಲ್ಲ.

ಈ ಭಾಗದ ಯಾವುದಾದರೂ ಒಂದು ತೋಟದ ಮನೆಗೆ ಹೋಗದೆ ಶಿರಸಿ ನೋಡಿದೆ ಎನ್ನಬಾರದು. ಡಾಂಬರು ರಸ್ತೆ ಬಿಟ್ಟು ಕೆಮ್ಮಣ್ಣಿನ ದಾರಿ, ದಣಪೆ ಸರಿಸಿ ಒಳಗೆ ಕಾಲಿಟ್ಟರೆ ವಿಶಾಲ ಅಂಗಳ, ಅಂಗಳದ ತುಂಬ ಹಣ್ಣಡಕೆ. ಜಗಲಿಯಿಂದ ಹಿರಿಯರ ದನಿ: “ಬನ್ನಿ, ಬನ್ನಿ, ಕುತ್ಗಳಿ. ಆಸ್ರಿಗೆ ಎಂತ ಅಡ್ಡಿಲ್ಲೆ?” ಯಾರು, ಯಾವ ಊರು ಎಂದು ಕೇಳುವುದು ಆಮೇಲೆ. ಮೊದಲು ಬಾಯಾರಿಕೆ ತೀರಬೇಕು. ಮಜ್ಜಿಗೆಯೋ ಕಷಾಯವೋ ಬರುತ್ತದೆ, ಹಿಂದೆಯೇ ಕವಳದ ತಟ್ಟೆ. ಊಟದ ಹೊತ್ತಾಗಿದ್ದರೆ ಎಬ್ಬಿಸಿ ಕಳಿಸುವವರಲ್ಲ. ಅಪ್ಪೆಹುಳಿ, ತಂಬುಳಿ, ಹಲಸಿನ ಹಪ್ಪಳ ಬಡಿಸಿಯೇ ಬಿಡುತ್ತಾರೆ. ಆಲೆಮನೆಯ ಕಾಲವಾದರೆ ಜೋನಿ ಬೆಲ್ಲ, ಮಡಕೆಯ ಬೆನ್ನ ಮೇಲೆ ಎರೆದ ತೊಡದೇವು. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಲ್ಲಿ ಕದಡಿ, ಕೆಳಗಿನಿಂದ ಉರಿ ಕೊಟ್ಟ ಬೋರಲು ಮಡಕೆಯ ಮೇಲೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಹಾಳೆಯಷ್ಟು ತೆಳ್ಳಗೆ ಏಳುತ್ತದೆ. ಕೈ ಒಂದಿಷ್ಟು ತಡೆದರೆ ಕೆಟ್ಟಿತು.

ಮನೆಯ ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟವನ್ನು ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟಿದ್ದರು. ಜಮೀನು ಸರ್ಕಾರದ್ದು, ಸೊಪ್ಪು ದರಕು ತೋಟಿಗನದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಕೆ ಬುಡಕ್ಕೆ. ಚೆನ್ನಾಗಿ ನೋಡಿಕೊಂಡ ಬೆಟ್ಟ ಅರ್ಧ ಕಾಡೇ ಆಗಿರುತ್ತದೆ. ಬರೀ ಕಡಿದ ಬೆಟ್ಟ ಕರಡ ಬೆಳೆದ ಬೋಳು ಗುಡ್ಡ. ಎರಡೂ ಬಗೆ ಅಕ್ಕಪಕ್ಕದಲ್ಲೇ ಕಾಣುತ್ತವೆ. ಬೋಳು ಗುಡ್ಡದ ಕೆಳಗಿನ ತೋಟಕ್ಕೆ ಏಪ್ರಿಲ್ ತಿಂಗಳಲ್ಲಿ ಪಂಪು ಹಚ್ಚಲೇಬೇಕು.

ಕೊನೆಕೊಯ್ಲಿನ ದಿನ ತೋಟದಲ್ಲಿದ್ದರೆ ಕಣ್ಣು ಮೇಲೆಯೇ ನೆಟ್ಟಿರುತ್ತದೆ. ಕೊನೆಗೌಡ ಒಂದು ಮರ ಹತ್ತಿದವನು ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗಿನವನು ಹಗ್ಗ ಬಿಗಿಹಿಡಿದು ನಿಂತು, ಒಂದು ಅಡಕೆಯೂ ನೆಲಕ್ಕೆ ಸಿಡಿಯದ ಹಾಗೆ ಅದನ್ನು ಬರಮಾಡಿಕೊಳ್ಳುತ್ತಾನೆ. ಮೇಲಿನವನು ಇಳಿಯುವುದೇ ಇಲ್ಲ. ಮರವನ್ನು ಮೈಯಿಂದಲೇ ತೂಗಿ, ಪಕ್ಕದ ಮರದ ತಲೆ ಹಿಡಿದು, ಅಲ್ಲಿಗೆ ದಾಟುತ್ತಾನೆ. ಮಳೆಗಾಲದಲ್ಲಿ ಕೊಳೆ ಬಾರದಂತೆ ಔಷಧಿ ಹೊಡೆಯುವವನೂ ಇವನೇ, ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದವನೂ ಇವನೇ. ಇಂಥ ಕೈಗಳು ಕಡಿಮೆಯಾಗುತ್ತಿವೆ. ನೆಲದಲ್ಲಿ ನಿಂತೇ ಕೊಯ್ಯುವ ಉದ್ದನೆಯ ಹಗುರ ದೋಟಿಗಳು ಬಂದಿವೆ. ಜೀವಕ್ಕೆ ಅಪಾಯವಿಲ್ಲದ ಕೆಲಸ ಬಂದರೆ ಸಂತೋಷವೇ. ಆದರೂ ಆ ತೂಗಾಟವನ್ನು ಕಂಡವರಿಗೆ ಅದು ಮರೆಯುವಂಥದ್ದಲ್ಲ.

ಕೊಯ್ದದ್ದೆಲ್ಲ ಕೊನೆಗೆ ಶಿರಸಿ ಪೇಟೆಗೆ ಬರುತ್ತದೆ. 1923ರಲ್ಲಿ ಶುರುವಾದ ತೋಟಗಾರರ ಸೇಲ್ ಸೊಸೈಟಿ, ಎಲ್ಲರ ಬಾಯಲ್ಲಿ ಟಿಎಸ್ಸೆಸ್, ಈ ಸೀಮೆಯ ಬೆನ್ನೆಲುಬು. ಯಾರ್ಡಿನಲ್ಲಿ ರಾಶಿ ರಾಶಿ ಅಡಕೆ ಸುರಿದಿರುತ್ತದೆ. ಹಣ್ಣಡಕೆಯನ್ನು ತಿಂಗಳೊಪ್ಪತ್ತು ಬಿಸಿಲಲ್ಲಿ ಒಣಗಿಸಿ ಸುಲಿದದ್ದು ಚಾಲಿ, ಬಿಳಿ. ಎಳೆಗಾಯಿ ಸುಲಿದು ಚೊಗರಿನಲ್ಲಿ ಬೇಯಿಸಿ ಒಣಗಿಸಿದ್ದು ಕೆಂಪು. ಅದರಲ್ಲಿ ರಾಶಿ, ಬೆಟ್ಟೆ ಎಂಬ ದರ್ಜೆ. ಬಿಳೆಗೋಟು, ಕೋಕಾ ಎಂಬ ಕೆಳಗಿನ ಪಂಕ್ತಿಗಳೂ ಇವೆ. ವ್ಯಾಪಾರಿ ಒಂದು ಮುಷ್ಟಿ ಎತ್ತಿ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡಿ, ಚೀಟಿಯಲ್ಲಿ ದರ ಬರೆದು ಮುಂದಿನ ರಾಶಿಗೆ ಹೋಗುತ್ತಾನೆ. ಮೂಲೆಯಲ್ಲಿ ನಿಂತ ಬೆಳೆಗಾರ ಅವನ ಮುಖವನ್ನೇ ನೋಡುತ್ತಿರುತ್ತಾನೆ. ಮಗಳ ಮದುವೆ, ಮನೆಯ ಹೆಂಚು, ಸೊಸೈಟಿ ಸಾಲ, ಎಲ್ಲವೂ ಆ ಚೀಟಿಯ ಅಂಕಿಗೆ ಕಾದಿರುತ್ತವೆ.

ಶಿರಸಿಯ ದೇವತೆ ಮಾರಿಕಾಂಬೆ. ಗುಡಿ 1688ರದ್ದು, ಗೋಡೆಗಳಲ್ಲಿ ಕೆಂಪು ಕಾವಿಯ ಚಿತ್ರಗಳು. ಎರಡು ವರ್ಷಕ್ಕೊಮ್ಮೆ ಆಕೆಯ ಜಾತ್ರೆ, ಬಿಡ್ಕಿಬೈಲಿನ ಗದ್ದುಗೆಗೆ ರಥದ ಸವಾರಿ. ಕೋಣನ ಬಲಿ ನಿಂತದ್ದು 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ. ಜಾತ್ರೆಯಿಲ್ಲದ ವರ್ಷ ಹೋಳಿಯ ಹಿಂದಿನ ರಾತ್ರಿಗಳಲ್ಲಿ ಬೇಡರ ವೇಷ: ಬೆನ್ನಿಗೆ ನವಿಲುಗರಿ, ಮುಖಕ್ಕೆ ಉಗ್ರ ಬಣ್ಣ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಇಬ್ಬರು ಹಿಂದಿನಿಂದ ಹಿಡಿದರೂ ನಿಲ್ಲದ ಕುಣಿತ. ಪೇಟೆ ಬೆಳಗಾಗುವವರೆಗೆ ಮಲಗುವುದಿಲ್ಲ.

ಬನವಾಸಿಗೆ ಇಲ್ಲಿಂದ ಮುಕ್ಕಾಲು ತಾಸು. ಅತ್ತ ಹೊರಟ ಕೂಡಲೇ ಗುಡ್ಡಗಳು ತಗ್ಗುತ್ತವೆ, ಕಾಡು ತೆಳುವಾಗುತ್ತದೆ, ಅನಾನಸು ಹೊಲಗಳೂ ಭತ್ತದ ಗದ್ದೆಗಳೂ ಎದುರಾಗುತ್ತವೆ. ವರದೆಯ ನೀರು ಹರಿಯುವ ದಿಕ್ಕಿನೊಂದಿಗೆ ನೆಲವೂ ತಿರುಗಿದೆ. ಕದಂಬರು ನಾಲ್ಕನೆಯ ಶತಮಾನದಲ್ಲಿ ಇಲ್ಲಿ ನಿಂತು ಕನ್ನಡ ನಾಡಿನ ಮೊದಲ ರಾಜ್ಯ ಕಟ್ಟಿದ್ದು ಏಕೆಂದು ಮಧುಕೇಶ್ವರನ ಗುಡಿಯ ಹಿಂದೆ ಹೊಳೆದಂಡೆಗೆ ಇಳಿದರೆ ತಿಳಿಯುತ್ತದೆ. ಬೆನ್ನಿಗೆ ಮಲೆನಾಡಿನ ಕಾಡು, ಎದುರಿಗೆ ಬಯಲಿನ ಅನ್ನ. ಈ ಊರನ್ನು ಅಷ್ಟು ಹಂಬಲಿಸಿದ ಪಂಪನನ್ನು ಇಲ್ಲಿ ನೆನೆಯದವರಿಲ್ಲ.

ಶಿರಸಿಯ ಪಶ್ಚಿಮಕ್ಕೆ ಸಾಲ್ಕಣಿ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಹಳ್ಳಿಗರು ಕಳಾಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಸುಂದರಲಾಲ್ ಬಹುಗುಣರ ಮಾತು ಕೇಳಿದ್ದ ಯುವಕರು, ಪಾಂಡುರಂಗ ಹೆಗಡೆಯವರು, ಹೆಂಗಸರು, ಎಲ್ಲ ಸೇರಿ ಉಳಿಸಿಕೊಂಡ ಹಸಿರು ಅದು.

ಕಾನಸೂರು ದಾಟಿ ಸಿದ್ದಾಪುರಕ್ಕೆ ಬಂದರೆ ಗದ್ದೆ ತೋಟಗಳ ನಡುವೆ ದೀವರ ಕೇರಿಗಳು. ಮದುವೆಯ ಮನೆಯಾದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ. ಕೈ ನಡುಗದೆ ಎಳೆದ ಗೆರೆಗಳ ಮನೆಯೊಳಗೆ ಮದುಮಕ್ಕಳ ಗೊಂಬೆ. ಭೂಮಿ ಹುಣ್ಣಿಮೆಗೆ ಇದೇ ಕೈಗಳು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತವೆ. ಬೆಳೆ ಬಸುರಾದ ಗದ್ದೆಗೆ ಆ ಬುಟ್ಟಿಯಲ್ಲೇ ಎಡೆ ಹೋಗಬೇಕು.

ಈ ಗದ್ದೆಗಳಿಗೊಂದು ಚರಿತ್ರೆಯಿದೆ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ತಾಲ್ಲೂಕುಗಳ ರೈತರು ಸರ್ಕಾರಕ್ಕೆ ಕರ ಕೊಡುವುದಿಲ್ಲ ಎಂದು ನಿಂತರು. ಜಮೀನು ಜಪ್ತಿಯಾಯಿತು, ಪಾತ್ರೆ ಪಗಡೆ ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಅಡುಗೆಮನೆಯಿಂದ ನೇರ ಎದ್ದು ಬಂದ ಆ ತಾಯಂದಿರ ಸತ್ಯಾಗ್ರಹದ ಜಾಗದಲ್ಲಿ ಗಾಡಿ ನಿಲ್ಲಿಸದೆ ಜೋಗಕ್ಕೆ ಓಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಬಿಳಗಿಯ ಅರಸರ ಕಾಲದ ರತ್ನತ್ರಯ ಬಸದಿ, ಗೋಲಬಾವಿ, ಭುವನಗಿರಿಯ ಗುಡ್ಡದ ಮೇಲಿನ ಭುವನೇಶ್ವರಿಯ ಗುಡಿ, ಇವೂ ಇದೇ ಸುತ್ತಿನಲ್ಲಿವೆ.

ಜೋಗದಲ್ಲಿ ಒಂದು ಕಾಲಕ್ಕೆ ಹೊಳೆಯ ಆಚೆ ಮೈಸೂರು, ಈಚೆ ಮುಂಬಯಿ. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿಗೆ ಸೇರಿತ್ತು. ಸಿದ್ದಾಪುರದ ದಡದ ಬಂಗಲೆಗೆ ಮುಂಬಯಿಯ ಹೆಸರು ಇನ್ನೂ ಇದೆ. 253 ಮೀಟರ್ ಧುಮುಕುವ ಶರಾವತಿ ಮಳೆ ಹಿಡಿದಾಗ ಬಿಟ್ಟರೆ ಉಳಿದ ಕಾಲ ಲಿಂಗನಮಕ್ಕಿಯ ಕೃಪೆಯಲ್ಲಿದೆ. ಹೆಗ್ಗರಣೆಯ ಹತ್ತಿರದ ಉಂಚಳ್ಳಿಗೆ ಹೋದರೆ ಅಘನಾಶಿನಿ 116 ಮೀಟರ್ ಆಳಕ್ಕೆ ತನ್ನ ಪೂರ್ತಿ ನೀರಿನೊಂದಿಗೆ ಇಳಿಯುತ್ತಿರುತ್ತದೆ, ಯಾರ ಗೇಟೂ ಅದರ ಮೇಲಿಲ್ಲ. ಎರಡನ್ನೂ ಚಳಿಗಾಲದ ಒಂದೇ ದಿನ ನೋಡಿದರೆ ಅಣೆಕಟ್ಟಿನ ವಿಷಯ ಬೇರೆ ಹೇಳಬೇಕಾಗಿಲ್ಲ.

ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು. ಇಲ್ಲಿನ ರಾಂಪತ್ರೆ ಜಡ್ಡಿಗಳಲ್ಲಿ ಮರಗಳ ಬೇರು ಕೆಸರಿನಿಂದ ಮೊಣಕಾಲು ಮಡಚಿದಂತೆ ಮೇಲೆದ್ದು ಮತ್ತೆ ನೆಲಕ್ಕಿಳಿಯುತ್ತವೆ. ನೀರು ನಿಂತ ಮಣ್ಣಿನಲ್ಲಿ ಉಸಿರಾಡಲು ಅವು ಕಂಡುಕೊಂಡ ಉಪಾಯ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನ ಗುರುತಿಸಿದ್ದು 2000ದಲ್ಲಿ, ಈ ಊರಿನ ಹೆಸರಿನಲ್ಲೇ. ಸಿಂಗಳೀಕಗಳು ಓಡಾಡುವ ಕಾಡು ಇದು. ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದದ್ದು 2011ರಲ್ಲಿ. ಈ ಜಡ್ಡಿಗಳು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯುದ್ದಕ್ಕೂ ಒಂದಿಷ್ಟೊಂದಿಷ್ಟೇ ಬಿಡುತ್ತವೆ. ಕಾಡಂಚಿನ ಮನೆಗಳು ಸೀಳಿದ ಅಡಕೆ ದಬ್ಬೆಯಲ್ಲಿ ಅಬ್ಬಿ ನೀರನ್ನು ಹಿತ್ತಿಲಿಗೆ ತಂದುಕೊಂಡಿವೆ. ಪಂಪಿಲ್ಲ, ಕರೆಂಟಿನ ಬಿಲ್ಲಿಲ್ಲ. ಬಸ್ಸಿನಲ್ಲಿ ಬರುವವರು ಹತ್ತಿದ ಕೂಡಲೇ ಕಂಡಕ್ಟರಿಗೆ ಕತ್ತಲೆಕಾನಿನಲ್ಲಿ ಇಳಿಯಬೇಕೆಂದು ಹೇಳಿಟ್ಟುಕೊಳ್ಳಿ. ದೊಡ್ಡ ನಿಲ್ದಾಣವೇನೂ ಇಲ್ಲ, ತಿರುವಿನಲ್ಲಿ ಕಣ್ಣು ತಪ್ಪಿದರೆ ಬಸ್ಸು ಮಲೆಮನೆ ಘಟ್ಟ ಇಳಿದು ಗೇರುಸೊಪ್ಪೆಗೆ ಹೋಗಿಬಿಟ್ಟಿರುತ್ತದೆ.